ಮತ ಹಾಕಿದರೂ ನಿಲ್ಲದ ಯುದ್ಧ

ಚುನಾವಣೆ ಕುರಿತ ಸಂವಾದದ ಚಿತ್ರೀಕರಣ ಮುಗಿದು ಸ್ಟುಡಿಯೋದ ದೀಪಗಳನ್ನು ಆರಿಸುತ್ತಿದ್ದಾಗ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ಜನಕ್ಕೇ ಬೇಡ ಅನ್ನಿಸಿದ ಮೇಲೂ ಯುದ್ಧ ಯಾಕೆ ನಿಲ್ಲೋದಿಲ್ಲ? ಓಟು ಇರೋದು ಮತ್ಯಾತಕ್ಕೆ?" ಅವಸರದಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ಇದಕ್ಕೆ ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1954ರಲ್ಲಿ ವಿಯೆಟ್ನಾಂ ಎರಡಾಯಿತು. ಉತ್ತರದಲ್ಲಿ ಕಮ್ಯುನಿಸ್ಟ್ ಸರ್ಕಾರ, ದಕ್ಷಿಣದಲ್ಲಿ ಅಮೆರಿಕದ ಬೆಂಬಲ ಪಡೆದ ಸರ್ಕಾರ. 1964ರ ಆಗಸ್ಟ್‌ನಲ್ಲಿ, ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ದಾಳಿಯಾಯಿತೆಂದು ಹೇಳಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಿಂದ ಒಂದು ನಿರ್ಣಯ ಪಡೆದರು. ಅದು ಯುದ್ಧ ಘೋಷಣೆಯಲ್ಲ. ಅಗತ್ಯವೆನಿಸಿದ ಕ್ರಮ ಕೈಗೊಳ್ಳಲು ಅಧ್ಯಕ್ಷರಿಗೆ ಕೊಟ್ಟ ಅಧಿಕಾರ. ಕೆಳಮನೆಯಲ್ಲಿ ಪರವಾಗಿ 416 ಮತ, ವಿರುದ್ಧ ಸೊನ್ನೆ. ಮೇಲ್ಮನೆಯಾದ ಸೆನೆಟ್‌ನಲ್ಲಿ 88ಕ್ಕೆ 2.

ಅದೇ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆ. ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳುಹಿಸುವುದಿಲ್ಲ ಎಂಬುದು ಜಾನ್ಸನ್ ಅವರ ಮಾತು. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಯುದ್ಧಪ್ರಿಯರೆಂಬ ಭಯ ಜನರಲ್ಲಿತ್ತು. ಜಾನ್ಸನ್ ಅವರಿಗೆ ಶೇ. 61ರಷ್ಟು ಮತ ಬಿತ್ತು. ಮುಂದಿನ ವರ್ಷದ ಕೊನೆಗೆ ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ 1.8 ಲಕ್ಷ ದಾಟಿತ್ತು!

ಜನರ ಮನಸ್ಸು ಒಮ್ಮೆಲೇ ತಿರುಗಲಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಸೈನ್ಯ ಕಳುಹಿಸಿದ್ದು ತಪ್ಪೆಂದವರು 1965ರ ಆಗಸ್ಟ್‌ನಲ್ಲಿ ಶೇ. 24, ಮೂರು ವರ್ಷದ ಬಳಿಕ ಶೇ. 53. ಆಗ ಕಡ್ಡಾಯ ಸೈನಿಕ ಸೇವೆ ಇತ್ತು. ಹದಿನೆಂಟರ ಹುಡುಗನನ್ನು ಯುದ್ಧಕ್ಕೆ ಕರೆಯಬಹುದಿತ್ತು, ಆದರೆ ಹೆಚ್ಚಿನ ರಾಜ್ಯಗಳಲ್ಲಿ ಇಪ್ಪತ್ತೊಂದಾಗುವವರೆಗೆ ಅವನಿಗೆ ಮತವಿರಲಿಲ್ಲ. (ಈ ಅನ್ಯಾಯ 1971ರ ತಿದ್ದುಪಡಿಯಿಂದ ಸರಿಹೋಯಿತು. ನಮ್ಮಲ್ಲಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ.)

1968ರ ಜನವರಿ ಕೊನೆಯಲ್ಲಿ, ಟೆಟ್ ಹಬ್ಬದ ಸಮಯದಲ್ಲಿ, ಕಮ್ಯುನಿಸ್ಟ್ ಪಡೆಗಳು ದಕ್ಷಿಣದ ನಗರಗಳ ಮೇಲೆ ಏಕಕಾಲಕ್ಕೆ ಎರಗಿದವು. ಗೆಲುವು ಹತ್ತಿರದಲ್ಲಿದೆ ಎಂಬ ಸರ್ಕಾರದ ಮಾತಿನ ಮೇಲಿದ್ದ ನಂಬಿಕೆ ಕುಸಿಯಿತು. ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಟೆಲಿವಿಷನ್‌ನಲ್ಲಿ ಈ ಯುದ್ಧ ಎತ್ತಲೂ ಸಾಗದೆ ನಿಂತಿದೆ ಎಂದರು. ಅದನ್ನು ನೋಡಿ ಜಾನ್ಸನ್ ಎದೆಗುಂದಿದರೆಂಬುದು ನಮ್ಮ ವೃತ್ತಿಯವರಿಗೆ ಬಹಳ ಪ್ರಿಯವಾದ ಕಥೆ. ನಿಜ ಹೇಳಬೇಕೆಂದರೆ ಆ ರಾತ್ರಿ ಅವರು ಟೆಕ್ಸಾಸ್‌ನಲ್ಲಿ ಗವರ್ನರರ ಹುಟ್ಟುಹಬ್ಬದ ಕೂಟದಲ್ಲಿದ್ದರು!

ಮತದಾರರ ಪೆಟ್ಟು ಮಾತ್ರ ಕಥೆಯಲ್ಲ. ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯ ಆಯ್ಕೆಗೆ ಮತದಾನ ನಡೆದಾಗ, ಯುದ್ಧ ವಿರೋಧಿ ಸೆನೆಟರ್ ಯೂಜೀನ್ ಮೆಕಾರ್ಥಿ ಅದೇ ಪಕ್ಷದ ಅಧ್ಯಕ್ಷರೆದುರು ಶೇ. 42ರಷ್ಟು ಮತ ಪಡೆದರು. ತಿಂಗಳ ಕೊನೆಗೆ ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಸಾರಿದರು. ಆದರೆ ಸಂಶೋಧಕರು ಅನಂತರ ವಿಚಾರಿಸಿ ನೋಡಿದಾಗ ಹೊರಬಿದ್ದದ್ದೇನು? ಮೆಕಾರ್ಥಿಗೆ ಮತ ಹಾಕಿದವರಲ್ಲಿ ಅನೇಕರಿಗೆ ಶಾಂತಿ ಬೇಕಿರಲಿಲ್ಲ; ಜಾನ್ಸನ್ ಇನ್ನೂ ಬಿರುಸಾಗಿ ಹೋರಾಡುತ್ತಿಲ್ಲವೆಂಬ ಸಿಟ್ಟಿತ್ತು. ಮತಪತ್ರಕ್ಕೆ ಬಾಯಿಲ್ಲ ನೋಡಿ. ಅದು ಒಬ್ಬ ವ್ಯಕ್ತಿಯ ಹೆಸರು ಹೇಳೀತು, ಕಾರಣ ಹೇಳದು.

ಆಗಸ್ಟ್‌ನಲ್ಲಿ ಪಕ್ಷದ ಷಿಕಾಗೋ ಅಧಿವೇಶನ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯವರನ್ನು ಆರಿಸಿತು. ಅವರು ಇಂಥ ಒಂದು ರಾಜ್ಯದ ಸ್ಪರ್ಧೆಯಲ್ಲೂ ನಿಂತಿರಲಿಲ್ಲ. ಬೀದಿಯಲ್ಲಿ ಪೊಲೀಸರ ಲಾಠಿ ಯುವಕರ ತಲೆಯ ಮೇಲೆ ಬೀಳುತ್ತಿತ್ತು. ನವೆಂಬರ್‌ನಲ್ಲಿ ಗೌರವಯುತ ಶಾಂತಿ ತರುತ್ತೇನೆಂದ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಸುಮಾರು 5 ಲಕ್ಷ ಮತಗಳಿಂದ ಗೆದ್ದರು.

ಯುದ್ಧ ನಿಂತಿತೆ? ಇಲ್ಲ. 1970ರಲ್ಲಿ ಅದು ಪಕ್ಕದ ಕಾಂಬೋಡಿಯಕ್ಕೂ ಹಬ್ಬಿತು. ಅದನ್ನು ಪ್ರತಿಭಟಿಸಿದ ಓಹಾಯೋದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. 1971ರ ಜನವರಿಯಲ್ಲಿ ಟಾಂಕಿನ್ ನಿರ್ಣಯವೇ ರದ್ದಾಯಿತು; ಯುದ್ಧ ಮುಂದುವರಿಯಿತು! ಸೇನೆಯ ಮಹಾದಂಡನಾಯಕನಾಗಿ ತನಗೆ ಆ ಅಧಿಕಾರ ಇದ್ದೇ ಇದೆ ಎಂಬುದು ನಿಕ್ಸನ್ ವಾದ.

ಜೊತೆಗೆ ಅವರು ಜಾಣತನದ ಕೆಲಸವೊಂದನ್ನು ಮಾಡಿದರು. 1969ರಲ್ಲಿ 5.4 ಲಕ್ಷವಿದ್ದ ಸೈನಿಕರ ಸಂಖ್ಯೆಯನ್ನು 1972ರ ಕೊನೆಗೆ ಸುಮಾರು 24 ಸಾವಿರಕ್ಕೆ ಇಳಿಸಿದರು. ಬಾಂಬ್ ದಾಳಿ ನಿಲ್ಲಲಿಲ್ಲ, ಆದರೆ ಅಮೆರಿಕದ ಮನೆಗಳಿಗೆ ಬರುವ ಶವಪೆಟ್ಟಿಗೆಗಳು ಕಡಿಮೆಯಾದವು. ಸಿಟ್ಟೂ ಇಳಿಯಿತು. 1972ರಲ್ಲಿ ಕೂಡಲೇ ಯುದ್ಧ ನಿಲ್ಲಿಸುತ್ತೇನೆಂದ ಜಾರ್ಜ್ ಮೆಕ್‌ಗವರ್ನ್ ವಿರುದ್ಧ ನಿಕ್ಸನ್ 50ರಲ್ಲಿ 49 ರಾಜ್ಯಗಳನ್ನು ಗೆದ್ದರು.

ಹಾಗಾದರೆ ಯುದ್ಧ ನಿಲ್ಲಿಸುವ ಕೀಲಿ ಯಾರ ಕೈಯಲ್ಲಿತ್ತು? ಹಣದ ಚೀಲ ಹಿಡಿದ ಕಾಂಗ್ರೆಸ್ಸಿನ ಕೈಯಲ್ಲಿ. ಆದರೆ ಹಣ ನಿಲ್ಲಿಸಿದರೆ ರಣರಂಗದಲ್ಲಿರುವ ನಮ್ಮ ಹುಡುಗರನ್ನು ಕೈಬಿಟ್ಟರೆಂಬ ಅಪವಾದ ಬರುತ್ತಿತ್ತು. ಆದ್ದರಿಂದ ಅನೇಕ ಸದಸ್ಯರು ಯುದ್ಧದ ವಿರುದ್ಧ ಭಾಷಣ ಮಾಡುತ್ತಲೇ ವರ್ಷ ವರ್ಷವೂ ಅದರ ವೆಚ್ಚಕ್ಕೆ ಕೈ ಎತ್ತಿದರು. ಮತದಾರರ ನಿಜವಾದ ಹತಾಶೆಗೆ ಮೂಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಗಿ ಸೈನಿಕರು ಮನೆಗೆ ಮರಳಿದ ಮೇಲಷ್ಟೇ ಕಾಂಗ್ರೆಸ್ಸಿಗೆ ಧೈರ್ಯ ಬಂತು. ಕಾಂಬೋಡಿಯದ ಮೇಲಿನ ಬಾಂಬ್ ದಾಳಿಗೆ ಹಣ ನಿಲ್ಲಿಸುವ ಮೊದಲ ಮಸೂದೆಯನ್ನು ನಿಕ್ಸನ್ ತಿರಸ್ಕರಿಸಿದರು. ಬಳಿಕ ಆಗಸ್ಟ್ 15ರ ಗಡುವಿಗೆ ಒಪ್ಪಿದರು. ಅಂದೇ ವಿಮಾನಗಳು ನಿಂತವು. ವಾಷಿಂಗ್ಟನ್ನಿನ ಸ್ಮಾರಕದಲ್ಲಿ ಕೆತ್ತಿರುವ 58 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಸುಮಾರು 20 ಸಾವಿರ, ಶಾಂತಿ ತರುತ್ತೇನೆಂದ ನಿಕ್ಸನ್ ಅಧಿಕಾರಕ್ಕೆ ಬಂದ ನಂತರದವು. ಸತ್ತ ವಿಯೆಟ್ನಾಮಿಗಳ ಲೆಕ್ಕವನ್ನಂತೂ ಲಕ್ಷಗಳಲ್ಲಿ ಹೇಳಬೇಕು.

ಅಂದಹಾಗೆ, 1964ರಲ್ಲಿ ಸೆನೆಟ್‌ನಲ್ಲಿ ಬೇಡವೆಂದ ಆ ಇಬ್ಬರು ಆರೆಗಾನ್ ರಾಜ್ಯದ ವೇಯ್ನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೀನಿಂಗ್. ಜನರ ಸಿಟ್ಟು ನೆತ್ತಿಗೇರಿದ್ದ 1968ರಲ್ಲೇ ಇಬ್ಬರೂ ತಮ್ಮ ಸ್ಥಾನ ಕಳೆದುಕೊಂಡರು.