ಎಂಜಿನ್ನಿನ ಹೊಗೆಕೊಳವೆಯಲ್ಲಿ ನೀರು: ಕಾರಣ ಮತ್ತು ಪರೀಕ್ಷೆ

ಕಪಿಲೆಯ ದಡದ ನಂಜನಗೂಡು, ಕಾವೇರಿ–ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರ, ಇವೆರಡೂ ನದಿಯನ್ನು ನಂಬಿ ಬೆಳೆದ ಊರುಗಳು. ಇಲ್ಲಿ ಹೊಳೆ ದಾಟಲು ಹರಿಗೋಲು ಸಾಕಾಗಿದ್ದ ಕಾಲವೊಂದಿತ್ತು. ಅದಕ್ಕೆ ಹುಟ್ಟು ಹಾಕುವ ತೋಳಿನ ಬಲವೊಂದೇ ಯಂತ್ರ. ಆಮೇಲೆ ದಡದ ಗದ್ದೆ ತೋಟಗಳಿಗೆ ನೀರೆತ್ತುವ ಡೀಸೆಲ್ ಎಂಜಿನ್ ಬಂದಿತು. ವಿದ್ಯುತ್ ಪಂಪುಗಳು ಹರಡಿದ ಮೇಲೂ ಅದು ಪೂರ್ತಿಯಾಗಿ ಮರೆಯಾಗಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದುದು ಅನೇಕರ ನೆನಪಿನಲ್ಲಿದೆ. ಅಂಥ ವೇಳೆಯಲ್ಲಿ ಯಂತ್ರದ ದೋಣಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ದಡದ ಪಂಪಿಗೂ ನೀರಿನ ಮೇಲಿನ ದೋಣಿಗೂ ಸಮಾನವಾದ ಒಂದು ರೋಗವಿದೆ. ಅದು ಹೊಗೆಕೊಳವೆಯ ದಾರಿಯಲ್ಲಿ ನೀರು ಸೇರುವುದು. ಎಂಜಿನ್ನನ್ನು ತಣ್ಣಗಿಡುವ ನೀರೇ ದಾರಿ ತಪ್ಪಿದರೆ ಅದನ್ನು ಮುರಿಯಬಲ್ಲದು.

ಕೊಳವೆಯ ಬಾಯಲ್ಲಿ ತೇವ ಕಂಡ ಮಾತ್ರಕ್ಕೆ ಗಾಬರಿ ಬೇಡ. ಒಂದು ಲೀಟರ್ ಡೀಸೆಲ್ ಉರಿದಾಗ ಸರಿಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಮುಂಜಾನೆಯ ತಣ್ಣನೆಯ ಸೈಲೆನ್ಸರಿನಲ್ಲಿ ಅದು ಹನಿಗಟ್ಟುವುದು ಸಹಜ. ಎಂಜಿನ್ ಚೆನ್ನಾಗಿ ಕಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಮಾತ್ರ ಸಂಶಯಪಡಬೇಕು. ಆಗಲೂ ಹೊಗೆಯ ಗುಣವನ್ನು ನೋಡಬೇಕು: ಕಣ್ಣುರಿಸುವ, ಎಣ್ಣೆಯ ವಾಸನೆಯ ಬಿಳಿಹೊಗೆ ಉರಿಯದೆ ಉಳಿದ ಡೀಸೆಲ್ಲಿನದು, ವಾಸನೆಯಿಲ್ಲದೆ ಗಾಳಿಯಲ್ಲಿ ಬೇಗ ಕರಗುವುದು ನೀರಾವಿ.

ನೀರು ನುಗ್ಗಿರುವುದು ಖಚಿತವಾದರೆ ಮೊದಲು ಕೇಳಬೇಕಾದ ಪ್ರಶ್ನೆ ‘ಎಲ್ಲಿಂದ’ ಎಂಬುದಲ್ಲ, ‘ಯಾವಾಗ’ ಎಂಬುದು. ಎಂಜಿನ್ ಓಡುತ್ತಿರುವಾಗಲೇ, ನಿಂತಿರುವಾಗಲೇ, ಅಥವಾ ಚಾಲೂ ಮಾಡಲು ಹೆಣಗುತ್ತಿರುವಾಗಲೇ? ಈ ಮೂರನ್ನು ಬೇರ್ಪಡಿಸಿದರೆ ಅರ್ಧ ರೋಗ ಪತ್ತೆಯಾದಂತೆ.

ಓಡುವಾಗ: ಪಂಪ್‌ಸೆಟ್ಟಿನಲ್ಲಿ ಎತ್ತಿದ ನೀರಿನ ಒಂದು ಪಾಲನ್ನು ಸಿಲಿಂಡರಿನ ಸುತ್ತಲಿನ ಕವಚಕ್ಕೆ ಹರಿಸಿ ಹೊರಬಿಡುವ ಪದ್ಧತಿಯುಂಟು. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ, ಇಲ್ಲವೆ ಹೆಡ್ಡು ಬಿರಿದಿದ್ದರೆ, ಉರಿದ ಅನಿಲ ಆ ನೀರಿಗೆ ನುಗ್ಗಿ ಹೊರಬರುವ ನೀರಿನಲ್ಲಿ ಗುಳ್ಳೆಗಳೇಳುತ್ತವೆ. ಆದರೆ ಹೀರುಕೊಳವೆಯ ಕೀಲಿನಲ್ಲಿ ಗಾಳಿ ಎಳೆದರೂ ಗುಳ್ಳೆ ಬರುತ್ತದೆ. ಆದುದರಿಂದ ಪಂಪಿನ ನೀರನ್ನು ತಪ್ಪಿಸಿ, ಎತ್ತರದಲ್ಲಿಟ್ಟ ಡ್ರಮ್ಮಿನಿಂದ ಕವಚಕ್ಕೆ ನೀರು ಬಿಟ್ಟು ನೋಡಬೇಕು. ಆಗಲೂ ಗುಳ್ಳೆ ನಿಲ್ಲದಿದ್ದರೆ ದೋಷ ಎಂಜಿನ್ನಿನದೇ. ನೀರಿಲ್ಲದೆ ಕಾದು ಕೆಂಡವಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಬಿಡುವುದು ಹೆಡ್ಡು ಬಿರಿಯಲು ಒಂದು ಮುಖ್ಯ ಕಾರಣ.

ನಿಂತಿರುವಾಗ: ಎಂಜಿನ್ ನಿಂತ ಮೇಲೂ ಏರುಕೊಳವೆಯಲ್ಲಿ ಉಳಿದ ನೀರು ಕವಚವನ್ನು ಒತ್ತಬಹುದು. ಕವಚದ ಹೊರದಾರಿ ಮುಚ್ಚಿದ್ದರೆ ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ರಾತ್ರಿಯೆಲ್ಲ ನೀರು ಒಸರುತ್ತದೆ. ಮೇಲ್ಮುಖದ ಹೊಗೆಕೊಳವೆಗೆ ಮುಚ್ಚಳವಿಲ್ಲದಿದ್ದರೆ ಮಳೆನೀರೂ ಸಿಲಿಂಡರಿಗೆ ಇಳಿಯಬಲ್ಲದು. ಇವೆರಡನ್ನು ಬೇರ್ಪಡಿಸಲು ಎರಡು ರಾತ್ರಿ ಸಾಕು. ಎರಡೂ ರಾತ್ರಿ ಕೊಳವೆಯ ಬಾಯಿ ಮುಚ್ಚಿ, ಒಂದು ರಾತ್ರಿ ಕವಚದಲ್ಲಿ ನೀರು ಉಳಿಸಿ, ಇನ್ನೊಂದು ರಾತ್ರಿ ಪೂರ್ತಿ ಬಸಿದು ಬಿಡಬೇಕು. ನೀರುಳಿಸಿದ ರಾತ್ರಿ ಮಾತ್ರ ಸಿಲಿಂಡರ್ ಒದ್ದೆಯಾದರೆ ಸೋರಿಕೆ ಕವಚದಿಂದ; ಎರಡೂ ರಾತ್ರಿ ಒಣಗಿದ್ದರೆ ಮಳೆಯೇ ಕಾರಣವಾಗಿರಬೇಕು. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಕೆಳಗಿನ ತೊಟ್ಟಿಗೂ ಇಳಿದಿದೆಯೆಂದು ತಿಳಿಯಬೇಕು.

ಚಾಲೂ ಮಾಡುವಾಗ: ಇದು ವಿಶೇಷವಾಗಿ ದೋಣಿಯ ಸಂಗತಿ. ಅನೇಕ ದೋಣಿಗಳಲ್ಲಿ ಬಿಸಿ ಹೊಗೆಯನ್ನು ತಣಿಸಲು ಹೊಗೆಕೊಳವೆಯ ಬಾಗಿನಲ್ಲಿ ಬೇಕೆಂದೇ ನೀರು ಬೆರೆಸುತ್ತಾರೆ. ಆ ನೀರನ್ನು ಹೊರದೂಡುವುದು ಹೊಗೆಯ ರಭಸ. ಎಂಜಿನ್ ಹತ್ತದೆ ಮತ್ತೆ ಮತ್ತೆ ತಿರುಗಿಸಿದರೆ ಪಂಪು ನೀರು ತುಂಬುತ್ತಲೇ ಇರುತ್ತದೆ, ದೂಡುವ ಹೊಗೆ ಮಾತ್ರ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಮರಳುತ್ತದೆ. ಆದುದರಿಂದ ಎಂಜಿನ್ ಹತ್ತದಿದ್ದಲ್ಲಿ ನೀರಿನ ಕಾಕನ್ನು ಮುಚ್ಚಿ ಪ್ರಯತ್ನಿಸಬೇಕು. ಹತ್ತಿದ ಕೂಡಲೇ ತೆರೆಯಬೇಕು. ನೀರು ಬೆರೆಯುವ ಬಾಗು ಹೊರಗಿನ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದ್ದು, ಸೈಫನ್ ತಡೆಯುವ ಕವಾಟ ಕೆಟ್ಟಿದ್ದರೆ, ನಿಂತ ದೋಣಿಯಲ್ಲೂ ಇದೇ ಅನಾಹುತ ಸಂಭವಿಸುತ್ತದೆ. ಸಮುದ್ರದ ದೋಣಿಗಳಲ್ಲಿ ಉಪ್ಪುನೀರು ಆ ಬಾಗನ್ನೇ ಒಳಗಿನಿಂದ ತಿನ್ನುತ್ತದೆ. ಹೊಗೆಯ ರಬ್ಬರ್ ಕೊಳವೆ ಸೀಳಿದರೆ ದೋಣಿಯ ತಳದಲ್ಲಿ ನೀರು ಸೇರುವುದಷ್ಟೇ ಅಲ್ಲ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹರಡಿ ಪ್ರಾಣಕ್ಕೆ ಎರವಾಗುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಪಂಪ್‌ಸೆಟ್ ಓಡಿಸಬಾರದೆಂಬುದಕ್ಕೂ ಇದೇ ಕಾರಣ.

ಕಾರಣ ಯಾವುದೇ ಇರಲಿ, ಸಂಶಯ ಬಂದ ಎಂಜಿನ್ನನ್ನು ರಭಸದಿಂದ ತಿರುಗಿಸಕೂಡದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಅದಕ್ಕೆ ಬಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್ ಬಿಚ್ಚಿ, ಆ ರಂಧ್ರದಿಂದ ಮುಖ ದೂರವಿಟ್ಟು, ಫ್ಲೈವೀಲನ್ನು ಕೈಯಿಂದ ಮೆಲ್ಲನೆ ಎರಡು ಸುತ್ತು ತಿರುಗಿಸಬೇಕು. ನೀರಿದ್ದರೆ ಅಲ್ಲಿಂದ ಹೊರಬೀಳುತ್ತದೆ. ಒಂದು ಗ್ಯಾಸ್ಕೆಟ್ಟಿನಿಂದ ಮುಗಿಯಬೇಕಾದ ವೆಚ್ಚ ಇಡೀ ಎಂಜಿನ್ನಿಗೆ ಏರುವುದೂ, ನೀರಿಗಾಗಿ ಕಾದ ಪೈರು ಒಣಗುವುದೂ ಈ ಎರಡು ಸುತ್ತಿನ ತಾಳ್ಮೆ ಇಲ್ಲದುದರಿಂದಲೇ.

ಶಾಲೆಯಲ್ಲಿ ಕಲಿಸುವ ದ್ರವದ ಒತ್ತಡ, ಸೈಫನ್, ದಹನಕ್ರಿಯೆ ಇವು ಪರೀಕ್ಷೆಯ ಉತ್ತರಗಳಾಗಿಯೇ ಉಳಿಯಬೇಕಾಗಿಲ್ಲ. ಕಾಯಕವನ್ನು ಪೂಜ್ಯವೆಂದು ಬಗೆದ ಶರಣರ ನಾಡಿನಲ್ಲಿ, ಹೊಳೆಯ ದಡದ ಎಂಜಿನ್ನೊಂದರ ಮುಂದೆ ನಿಂತು ‘ನೀರು ಯಾವಾಗ ಬಂದಿತು?’ ಎಂದು ಕೇಳಬಲ್ಲ ವಿದ್ಯಾರ್ಥಿ ಆ ಪಾಠಗಳನ್ನು ನಿಜವಾಗಿ ಕಲಿತವನು.