ಕೊನೆಯ ದಿನ ಕೆರೆ ಏರಿ ಮೇಲೆ

ಟ್ರಿಪ್ಪಿನ ಕೊನೆಯ ದಿನಕ್ಕೆ ಯಾರೂ ಪ್ಲಾನ್ ಮಾಡಿರುವುದಿಲ್ಲ. ನೋಡಲೇಬೇಕಾದ ಜಾಗಗಳೆಲ್ಲ ಮೊದಲ ದಿನಗಳಲ್ಲೇ ಮುಗಿದಿರುತ್ತವೆ. ಉಳಿಯುವುದು ಬ್ಯಾಗ್ ತುಂಬುವ ಕೆಲಸ, ನೆಂಟರಿಗೆ ಏನು ಒಯ್ಯಬೇಕೆಂಬ ಚರ್ಚೆ, ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕೆಂಬ ಸಣ್ಣ ಜಗಳ. ಶ್ರೀಲಂಕಾದ ಅನುರಾಧಪುರದಲ್ಲಿ ನಮ್ಮ ಮನೆಯವರ ಕೊನೆಯ ದಿನವೂ ಹೀಗೇ ಮುಗಿಯಬೇಕಿತ್ತು. ಹಾಗಾಗದಿದ್ದುದಕ್ಕೆ ಕಾರಣ ಅಪ್ಪ.

ಹೋದವರು ನಾಲ್ಕು ಜನ: ಅಪ್ಪ, ಅಮ್ಮ, ಅಕ್ಕ, ನಾನು. ಖರ್ಚು ಅಕ್ಕನದು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ‘ನಿಮ್ಮಿಬ್ಬರನ್ನೂ ಒಂದ್ಸಲ ವಿಮಾನ ಹತ್ತಿಸ್ತೀನಿ’ ಎನ್ನುತ್ತಿದ್ದಳು. ದೂರದ ದೇಶಗಳಿಗೆ ಅವಳ ಉಳಿತಾಯ ಸಾಲುತ್ತಿರಲಿಲ್ಲ. ಶ್ರೀಲಂಕಾ ಎಲ್ಲ ರೀತಿಯಲ್ಲೂ ಹೊಂದಿಕೆಯಾಯಿತು. ಪ್ರವಾಸಿಗರ ಅನುಮತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಗಡಿಯಾರದ ಮುಳ್ಳು ತಿರುಗಿಸಬೇಕಿಲ್ಲ, ಮೂರು ಹೊತ್ತೂ ಅನ್ನ ಸಿಗುತ್ತದೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಕುಣಿಗಲ್ ತಾಲ್ಲೂಕಿನ ನಮ್ಮೂರು ಮಾರ್ಕೋನಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಬೆಂಗಳೂರು ವಿಮಾನ ನಿಲ್ದಾಣ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೊದಲ ನಾಲ್ಕು ದಿನ ಅಪ್ಪ ಸುಮ್ಮನೆ ನಮ್ಮ ಹಿಂದೆ ನಡೆದರು. ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ದೇಗುಲಕ್ಕೆ ಕೈ ಮುಗಿದರು. ಸಿಗಿರಿಯಾದಲ್ಲಿ ಸುಮಾರು 1,200 ಮೆಟ್ಟಿಲು ಎಂದು ಕೇಳಿದ್ದೇ ಕೆಳಗೆ ಕುಳಿತುಬಿಟ್ಟರು. ‘ಬಂಡೆ ನಮ್ ಹುತ್ರಿದುರ್ಗದಲ್ಲೂ ಐತೆ, ನೀವ್ ಹತ್ಕೊಂಡ್ ಬನ್ನಿ’ ಅಂದರು. ಊರಿನಿಂದ ಫೋನ್ ಬಂದಾಗಲೆಲ್ಲ ದೂರ ಹೋಗಿ ಮಾತಾಡುತ್ತಿದ್ದರು. ಯಾರ ಫೋನು ಅಂತ ನಮಗೆಲ್ಲ ಗೊತ್ತಿತ್ತು. ನಾಲೆಯ ಕೊನೆ ಭಾಗದಲ್ಲಿರುವ ನಮ್ಮ ಎರಡು ಎಕರೆಗೆ ಬ್ರೋಕರ್ ಒಬ್ಬರು ಗಿರಾಕಿ ತಂದಿದ್ದರು. ಅಲ್ಲಿಗೆ ನೀರು ತಲುಪುವ ವರ್ಷಕ್ಕಿಂತ ತಲುಪದ ವರ್ಷವೇ ಜಾಸ್ತಿ. ಅಕ್ಕನ ಮದುವೆ, ನನ್ನ ಫೀಸು ಎರಡೂ ಎದುರಿಗಿವೆ. ಟ್ರಿಪ್ ಮುಗಿಸಿ ಬಂದ ಮೇಲೆ ಉತ್ತರ ಹೇಳುವುದಾಗಿ ಅಪ್ಪ ಮಾತು ಕೊಟ್ಟಿದ್ದರು.

ಐದನೆಯ ದಿನ, ಅಂದರೆ ಕೊನೆಯ ದಿನ, ರಾತ್ರಿ ವಿಮಾನ. ವಿಮಾನ ನಿಲ್ದಾಣ ಸುಮಾರು 170 ಕಿ.ಮೀ. ದೂರ. ಮಧ್ಯಾಹ್ನ ಎರಡಕ್ಕೆ ಹೊರಡಬೇಕು ಎಂದು ವ್ಯಾನಿನ ಚಾಲಕ ಹೇಳಿದ್ದರು. ಬೆಳಿಗ್ಗೆ ಎಲ್ಲರೂ ಸೇರಿ ಜಯ ಶ್ರೀ ಮಹಾಬೋಧಿಗೆ ಹೋದೆವು. ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯಿಂದ ತಂದ ಬೋಧಿವೃಕ್ಷದ ಕೊಂಬೆಯಿಂದ ಬೆಳೆದ ಮರ ಇದು ಎಂಬುದು ಅಲ್ಲಿನ ನಂಬಿಕೆ. ಕ್ರಿ.ಪೂ. 3ನೇ ಶತಮಾನದಿಂದ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಬಾಗಿದ ಕೊಂಬೆಗಳಿಗೆ ಚಿನ್ನದ ಬಣ್ಣದ ಊರುಗೋಲು ಕೊಟ್ಟಿದ್ದಾರೆ. ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ತಾವರೆ ಹಿಡಿದ ಜನ ಸದ್ದಿಲ್ಲದೆ ಸಾಗುತ್ತಿದ್ದರು. ಅಮ್ಮ ‘ನಮ್ಮ ಅರಳಿಕಟ್ಟೆ ಇದ್ದಂಗೈತೆ’ ಅಂದು ಪ್ರದಕ್ಷಿಣೆ ಹಾಕಿದರು.

ಆಮೇಲೆ ಅಮ್ಮ, ಅಕ್ಕ ಚಕ್ಕೆ, ಟೀ ಪುಡಿ ಕೊಳ್ಳಲು ಹೊರಟರು. ಅಪ್ಪ ಮಾತ್ರ, ‘ನಿನ್ನೆ ಸಾಯಂಕಾಲ ಒಂದ್ ಕೆರೆ ಕಂಡ್ತಲ್ಲ, ಅಲ್ಲಿಗ್ ಬಿಡ್ರಪ್ಪ ನನ್ನ’ ಅಂದರು. ನಾಲ್ಕು ದಿನದಲ್ಲಿ ಅವರು ತಾವಾಗಿ ಕೇಳಿದ ಮೊದಲ ಜಾಗ ಅದು.

ಅದು ತಿಸ್ಸ ವೆವ. ಸಿಂಹಳದಲ್ಲಿ ವೆವ ಅಂದರೆ ಕೆರೆ. ಹತ್ತಿರದಲ್ಲೇ ಇಸುರುಮುನಿಯ ವಿಹಾರವಿದೆ. ಅಲ್ಲಿ ಕೊಳದ ಅಂಚಿನ ಬಂಡೆಯ ಮೇಲೆ ನೀರಾಟವಾಡುವ ಆನೆಗಳನ್ನು ಕೆತ್ತಿದ್ದಾರೆ. ಅಪ್ಪ ಅದನ್ನೂ ನೋಡದೆ ನೇರ ಏರಿ ಹತ್ತಿದರು. ಆಗಸ್ಟ್ ಬಿಸಿಲಿಗೆ ನೀರು ಒಳಕ್ಕೆ ಸರಿದಿತ್ತು. ಏರಿಯ ಒಳಮೈಗೆ ಹಾಸಿದ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿ, ‘ಎಷ್ಟು ವರ್ಷ ಆಗಿರ್ಬೋದ್ಲಾ ಇದಕ್ಕೆ?’ ಅಂದರು. ದೇವಾನಂಪಿಯ ತಿಸ್ಸ ಎಂಬ ರಾಜ ಕಟ್ಟಿಸಿದ್ದು, ಎರಡು ಸಾವಿರದ ಇನ್ನೂರು ವರ್ಷ ದಾಟಿದೆ ಅಂದೆ. ಅಪ್ಪ ಚಪ್ಪಲಿ ಬಿಟ್ಟು ಕೂತರು.

ಅನುರಾಧಪುರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿತ್ತು. 1982ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ಕ್ಯಾಮೆರಾ ಎತ್ತುವುದು ಸ್ತೂಪಗಳ ಕಡೆಗೆ. ಅಲ್ಲಿನ ಜೇತವನಾರಾಮ ಸ್ತೂಪ ಕಟ್ಟಿದಾಗ ಸುಮಾರು 122 ಮೀಟರ್ ಎತ್ತರವಿತ್ತಂತೆ. ಆದರೆ ಮಳೆ ಕಡಿಮೆ ಇರುವ ಆ ನಾಡಿನಲ್ಲಿ ಅಷ್ಟು ದೊಡ್ಡ ಊರು ಬದುಕಿದ್ದು ಕೆರೆಗಳಿಂದ. 5ನೇ ಶತಮಾನದಲ್ಲಿ ಧಾತುಸೇನ ರಾಜ ದೂರದಲ್ಲಿ ಕಲಾ ವೆವ ಎಂಬ ದೊಡ್ಡ ಕೆರೆ ಕಟ್ಟಿಸಿದ. ಅಲ್ಲಿಂದ ತಿಸ್ಸ ವೆವಕ್ಕೆ ಸುಮಾರು 87 ಕಿ.ಮೀ. ಉದ್ದದ ಕಾಲುವೆ ಬಂತು. ಅದರ ಹೆಸರು ಜಯಗಂಗ. ಮೊದಲ 27 ಕಿ.ಮೀ.ಗಳಲ್ಲಿ ಅದರ ಇಳಿಜಾರು ಕಿಲೋಮೀಟರಿಗೆ ಬರೀ 10 ಸೆಂ.ಮೀ.ನಷ್ಟು.

ಸಿವಿಲ್ ಓದುವವರಿಗೆ ಈ ಅಂಕಿಯ ತೂಕ ಗೊತ್ತು. ಸರ್ವೇ ಪ್ರಾಕ್ಟಿಕಲ್‌ನಲ್ಲಿ ಆಟೋ ಲೆವೆಲ್ ಇಟ್ಟು, ಸ್ಟಾಫ್ ಹಿಡಿದು, ಕ್ಯಾಂಪಸ್ಸಿನ ನಾಲ್ಕು ನೂರು ಮೀಟರ್ ಸುತ್ತಿ ಲೆಕ್ಕ ಹೊಂದಿಸುವಷ್ಟರಲ್ಲೇ ಬೆವರಿಳಿಯುತ್ತದೆ. ಹತ್ತು ಸಾವಿರಕ್ಕೆ ಒಂದರ ಇಳಿಜಾರನ್ನು ಲೆನ್ಸ್ ಇಲ್ಲದ ಕಾಲದಲ್ಲಿ ಮಣ್ಣಿನಲ್ಲಿ ಉಳಿಸಿಕೊಂಡಿದ್ದಾರೆ. ಇಳಿಜಾರು ಹೆಚ್ಚಾದರೆ ನೀರು ಕಾಲುವೆಯನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಹಂಗಾದ್ರೆ ಕೊನೇಲಿರೋನ್ಗೂ ನೀರು ಬರ್ತಿತ್ತು?’

ತೂಬಿನ ವಿಷಯವನ್ನೂ ಹೇಳಿದೆ. ಆಳದ ಕೆರೆಯ ಬುಡದಿಂದ ನೀರು ಬಿಡುವುದು ಸುಲಭವಲ್ಲ. 30 ಅಡಿ ನೀರಿನ ಒತ್ತಡಕ್ಕೆ ತೂಬಿನಿಂದ ಹೊರಬೀಳುವ ನೀರಿನ ವೇಗ, ತಡೆ ಏನೂ ಇಲ್ಲದಿದ್ದರೆ, ಲೆಕ್ಕದ ಪ್ರಕಾರ ಗಂಟೆಗೆ 48 ಕಿ.ಮೀ. ಮುಟ್ಟುತ್ತದೆ. ಏರಿಯನ್ನೇ ತಿಂದುಹಾಕುತ್ತದೆ. ಅದಕ್ಕೆ ಅಲ್ಲಿನ ಹಳೆಯ ಎಂಜಿನಿಯರ್‌ಗಳು ಏರಿಯೊಳಗೆ ಕಲ್ಲು ಕಟ್ಟಿದ ಚೌಕ ಬಾವಿಯೊಂದನ್ನು ಇಟ್ಟರು. ಹೆಸರು ಬಿಸೋಕೊಟುವ. ಕೆರೆಯ ನೀರು ಮೊದಲು ಈ ಬಾವಿಗೆ ಬಂದು ರಭಸ ಕಳೆದುಕೊಳ್ಳುತ್ತದೆ, ಎಷ್ಟು ಬೇಕೋ ಅಷ್ಟೇ ಹೊರಗೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ನೀರಾವರಿ ಎಂಜಿನಿಯರ್ ಆಗಿದ್ದ ಹೆನ್ರಿ ಪಾರ್ಕರ್ ಇದನ್ನು ಈಗಿನ ವಾಲ್ವ್ ಟವರ್‌ಗಳಿಗೆ ಹೋಲಿಸಿದ್ದಾನೆ.

ಅಷ್ಟರಲ್ಲಿ ಚಾಲಕ ಎಳನೀರು ಹಿಡಿದು ಬಂದರು. ಅವರ ಹಳ್ಳಿಯಲ್ಲೂ ಸಣ್ಣ ಕೆರೆ, ಅದರ ಕೆಳಗೆ ಅವರದೂ ಸ್ವಲ್ಪ ಗದ್ದೆ. ಅವರು ಅರೆಬರೆ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಅಪ್ಪ ಕೈಸನ್ನೆಯಲ್ಲಿ. ಹೀಗೆ ಮಾತು ಒಂದು ಗಂಟೆ ನಡೆಯಿತು. ನೀರು ಸಾಲದ ವರ್ಷ ಏನು ಮಾಡುತ್ತೀರಿ ಎಂದು ಅಪ್ಪ ಕೇಳಿಸಿದರು. ಚಾಲಕ ಹೇಳಿದ್ದು ‘ಬೆತ್ಮ’ ಎಂಬ ಪದ್ಧತಿಯ ಬಗ್ಗೆ. ಬಿತ್ತನೆಗೆ ಮೊದಲು ರೈತರೆಲ್ಲ ಸಭೆ ಸೇರುತ್ತಾರೆ. ಕೆರೆಯಲ್ಲಿ ಇರುವ ನೀರು ಎಷ್ಟು ಗದ್ದೆಗೆ ಸಾಕೆಂದು ನಿರ್ಧರಿಸುತ್ತಾರೆ. ಆ ಬೆಳೆಗೆ ಏರಿಯ ಹತ್ತಿರದ ಗದ್ದೆಗಳನ್ನು ಮಾತ್ರ ಬೆಳೆಯುತ್ತಾರೆ. ಆದರೆ ಆ ಗದ್ದೆಗಳನ್ನು ಅಚ್ಚುಕಟ್ಟಿನ ಎಲ್ಲರಿಗೂ, ಕೊನೆಯಲ್ಲಿರುವವರಿಗೂ ಸೇರಿಸಿ, ಹಂಚುತ್ತಾರೆ. ಜಮೀನು ಯಾರದೋ ಅವರದೇ. ಬೆಳೆ ಮಾತ್ರ ಆ ಒಂದು ಸಲಕ್ಕೆ ಹಂಚಿಕೆ.

ಅಪ್ಪ ಎಳನೀರು ಕೆಳಗಿಟ್ಟರು. ‘ಮುಂದ್ಗಡೆ ಜಮೀನಿನೋನು ಒಪ್ತಾನಾ ಕೇಳು.’ ಕೇಳಿದೆ. ಚಾಲಕ ನಕ್ಕರು. ಎಲ್ಲ ಸಲವೂ ಒಪ್ಪುವುದಿಲ್ಲ, ಜಗಳವೂ ಆಗುತ್ತದೆ, ಆದರೆ ಜಗಳ ಬಿತ್ತನೆಗೆ ಮೊದಲೇ ಮುಗಿಯಬೇಕು ಎಂದರು.

ನಮಗೂ ಇಂಥದ್ದು ಪೂರ್ತಿ ಹೊಸದಲ್ಲ. ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವಾಗ ನೀರು ಎಂದು ಅವನು ನೋಡಿಕೊಳ್ಳುತ್ತಿದ್ದ. ಶ್ರೀಲಂಕಾದಲ್ಲಿ ಅದೇ ಕೆಲಸಕ್ಕೆ ‘ವೆಲ್ ವಿದಾನೆ’ ಇದ್ದ. ಶಿಂಷಾ ನದಿಗೆ ಕಟ್ಟಿದ ನಮ್ಮೂರ ಜಲಾಶಯ ಅರಸರ ಕಾಲದ್ದು. ತುಂಬಿದರೆ ಯಾರೂ ಗೇಟು ಎತ್ತದೆ ತಾನೇ ಹೆಚ್ಚಿನ ನೀರು ಹೊರಹಾಕುವ ಸೈಫನ್ ಅದಕ್ಕಿದೆ. ಅಂಥ ತಂತ್ರ ನಮ್ಮ ಊರಲ್ಲೇ ಇದೆ. ಆದರೆ ಇರುವ ನೀರನ್ನು ಹಂಚುವ ಸೈಫನ್ ಯಾವ ಎಂಜಿನಿಯರೂ ಕಟ್ಟಿಕೊಡಲಾರ.

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ 2025ರಲ್ಲಿ ಗುಬ್ಬಿ ಕಡೆ ದೊಡ್ಡ ಪ್ರತಿಭಟನೆಗಳು ನಡೆದವು. ನಮ್ಮ ಪಾಲಿನ ನೀರು ಬರುತ್ತಲೇ ಇಲ್ಲ ಎಂಬುದು ಕುಣಿಗಲ್ ಕಡೆಯವರ ಮಾತು. ನಮ್ಮ ನೀರು ಹೋಗಿಬಿಡುತ್ತದೆ ಎಂಬುದು ಗುಬ್ಬಿಯವರ ಭಯ. ತುಮಕೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಗುಬ್ಬಿಯವನು. ಊಟದ ತಟ್ಟೆ ಮುಂದೆ ಈ ವಿಷಯ ಎತ್ತಬಾರದು ಎಂದು ನಾವಿಬ್ಬರೂ ಹೇಳದೆಯೇ ತೀರ್ಮಾನ ಮಾಡಿಕೊಂಡಿದ್ದೆವು.

ವ್ಯಾನು ಏರ್‌ಪೋರ್ಟಿನ ದಾರಿ ಹಿಡಿದಾಗ ಅಕ್ಕ ಧಾತುಸೇನನ ಕಥೆ ಓದಿ ಹೇಳಿದಳು. ಮಗ ಕಶ್ಯಪ ಅಪ್ಪನನ್ನು ಸೆರೆಹಿಡಿದು ನಿಧಿ ಎಲ್ಲಿದೆ ತೋರಿಸು ಎಂದನಂತೆ. ಧಾತುಸೇನ ಅವನ ಜನರನ್ನು ಕಲಾ ವೆವಕ್ಕೆ ಕರೆದೊಯ್ದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಆಸ್ತಿಯೆಲ್ಲ ಇದೇ ಎಂದನಂತೆ. ಮಗ ಅವನನ್ನು ಕೊಲ್ಲಿಸಿ, ಸಿಗಿರಿಯಾ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡ. ‘ನಾನ್ ಹತ್ದೇ ಇದ್ದಿದ್ದು ಒಳ್ಳೇದಾಯ್ತು’ ಅಂದರು ಅಪ್ಪ. ಎಲ್ಲರೂ ನಕ್ಕೆವು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, ‘ನನ್ ಮದುವೆಗೆ ಅಂತ ಜಮೀನು ಕೊಡೋದ್ ಬೇಡ ಕಣಪ್ಪ. ಎರಡ್ ವರ್ಷ ತಡೀರಿ, ನಾನೂ ಕೂಡಿಡ್ತೀನಿ’ ಅಂದಳು. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಉತ್ತರ ಕೊಡಲಿಲ್ಲ.

ಊರಿಗೆ ಬಂದ ಮೇಲೆ ಬ್ರೋಕರ್‌ಗೆ ಅವರು ಹೇಳಿದ್ದು, ಈ ಮಳೆಗಾಲ ಕಳೆಯಲಿ, ನೋಡೋಣ ಎಂದು. ಅದು ಬೇಡ ಎಂದೂ ಅಲ್ಲ, ಸರಿ ಎಂದೂ ಅಲ್ಲ.

ನಾನು ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಗೆ ಬೆತ್ಮದ ಬಗ್ಗೆ ಹೇಳಿದೆ. ಅವನೂ ಸಿವಿಲ್. ಮೊದಲು ಸುಮ್ಮನಿದ್ದ. ಆಮೇಲೆ, ‘ಹಂಚೋಕೆ ಮುಂಚೆ ಕೆರೇಲಿ ಎಷ್ಟು ನೀರೈತೆ ಅಂತ ಅಳೆಯೋರು ಯಾರು?’ ಎಂದ. ಊರವರೇ, ಎಲ್ಲರ ಎದುರಿಗೇ ಅಂದೆ. ‘ಎಲ್ಲರ ಎದುರಿಗೆ ಅಳೆದ್ರೆ ಅರ್ಧ ಜಗಳ ಮುಗೀತು ಬಿಡು’ ಎಂದ. ಅವತ್ತು ಮೊದಲ ಸಲ ನಾವಿಬ್ಬರೂ ಹೇಮಾವತಿ ನಾಲೆಯ ನಕ್ಷೆ ತೆರೆದು, ಅವನ ಊರು ಎಲ್ಲಿ, ನನ್ನ ಊರು ಎಲ್ಲಿ ಎಂದು ಬೆರಳಿಟ್ಟು ನೋಡಿದೆವು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇಬ್ಬರೂ ಒಂದೇ ಗುಂಪಿನಲ್ಲಿ ಸೇರಿ ನಾಲೆಯ ಕೊನೆ ಭಾಗಕ್ಕೆ ನಿಜಕ್ಕೂ ಎಷ್ಟು ನೀರು ತಲುಪುತ್ತದೆ ಎಂದು ಅಳೆಯಬೇಕೆಂದಿದ್ದೇವೆ.

ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: ‘ಕಿಲೋಮೀಟ್ರಿಗೆ ಹತ್ತು ಸೆಂಟಿಮೀಟರ್ ಹೆಂಗ್ ಇಳಿಸಿದ್ರು ಅಂತ ನಿಮ್ ಮೇಷ್ಟ್ರನ್ನ ಕೇಳ್ದೇನೋ?’