ಕೂತ ಮೈಗೆ ದುಡಿದ ಊಟ

ಆರೋಗ್ಯ ಕಾಪಾಡಿಕೊಳ್ಳುವುದರಲ್ಲಿ ಊಟದ ಪಾಲು ಹೆಚ್ಚೋ ವ್ಯಾಯಾಮದ ಪಾಲು ಹೆಚ್ಚೋ ಎಂಬ ಪ್ರಶ್ನೆ ಸೊಲ್ಲಾಪುರದಲ್ಲಿ ಹೊಸದು. ಏಕೆಂದರೆ ಈ ಊರಿನಲ್ಲೂ ಅಕ್ಕಲಕೋಟ ತಾಲ್ಲೂಕಿನ ತೋಳನೂರು, ನಾಗಣಸೂರು, ಮೈಂದರ್ಗಿ, ದುಧನಿಗಳಂಥ ಕನ್ನಡದ ಊರುಗಳಲ್ಲೂ ಉಣ್ಣುವುದನ್ನೂ ದುಡಿಯುವುದನ್ನೂ ಬಹುಕಾಲ ಯಾರೂ ಬೇರೆ ಬೇರೆಯಾಗಿ ಎಣಿಸಿರಲಿಲ್ಲ. ಎರೆನೆಲದ ಹಿಂಗಾರಿ ಜೋಳ, ಅದರಲ್ಲೂ ಮಾಲದಂಡಿ ತಳಿ, ರೊಟ್ಟಿಯಾಗಿ ಹೊಲದ ಆಳುಗಳನ್ನು ಸಾಕಿದಂತೆಯೇ 1877ರಲ್ಲಿ ಆರಂಭವಾಗಿ ಮುಂದೆ ‘ಜೂನಿ ಮಿಲ್’ ಎಂದು ಹೆಸರಾದ ನೂಲಿನ ಗಿರಣಿಯಲ್ಲಿ ಪಾಳಿಯುದ್ದಕ್ಕೂ ನಿಂತು ದುಡಿದವರನ್ನೂ ಸಾಕಿತು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದ್ದವು.

ಗಿರಣಿಯವರ ಊಟಕ್ಕೂ ದುಡಿಮೆಗೂ ಇರುವ ನಂಟನ್ನು ಅಳೆದು ನೋಡಿದ ಹೆಸರಾಂತ ಅಧ್ಯಯನವೊಂದು ನಡೆದದ್ದು ಭಾರತದಲ್ಲೇ, ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ. ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಈ ಅಧ್ಯಯನದಂತೆ, ಮೈಮುರಿದು ದುಡಿಯುವವರು ಶ್ರಮ ಹೆಚ್ಚಿದಷ್ಟು ಹೆಚ್ಚು ಉಂಡರೂ ಅವರ ತೂಕ ಏರಿರಲಿಲ್ಲ. ಕೂತು ಕೆಲಸ ಮಾಡುವ ಅಂಗಡಿಯವರು ಮತ್ತು ಗುಮಾಸ್ತರು ಶ್ರಮ ತಗ್ಗಿದರೂ ಊಟ ತಗ್ಗಿಸದೆ ತೂಕದಲ್ಲಿ ಅವರನ್ನು ಮೀರಿಸಿದ್ದರು. ಮೈ ಒಂದು ಮಟ್ಟಕ್ಕಾದರೂ ದುಡಿಯುತ್ತಿದ್ದಾಗ ಮಾತ್ರ ಹಸಿವೆ ತನ್ನ ಲೆಕ್ಕವನ್ನು ಸರಿಯಾಗಿ ಇಡುತ್ತದೆ, ಅದಕ್ಕಿಂತ ಕೆಳಗಿಳಿದರೆ ಲೆಕ್ಕ ತಪ್ಪುತ್ತದೆ ಎಂಬುದು ಅದರ ತಿರುಳು. ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ ನಿಂತಿತು, ಊಟದ ರೂಢಿ ನಿಲ್ಲಲಿಲ್ಲ.

ಹಾಗೆಂದು ಕಳೆದುಹೋದ ಶ್ರಮವನ್ನು ಬೆಳಗಿನ ನಡಿಗೆಯೊಂದರಿಂದಲೇ ತುಂಬಿಕೊಂಡು ತೂಕ ಇಳಿಸಬಹುದೆಂಬ ನಂಬಿಕೆಗೆ ಆಧಾರ ಸಾಲದು. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ವೆಚ್ಚವಾಗುವುದು ಸುಮಾರು 130 ಕಿಲೊಕ್ಯಾಲೊರಿ, ಅಂದರೆ ಆಹಾರದ ಶಕ್ತಿಯನ್ನು ಅಳೆಯುವ ಮಾನದಲ್ಲಿ ಸುಮಾರು 25 ಗ್ರಾಂ ಶೇಂಗಾದಲ್ಲಿ ಇರುವಷ್ಟು; ರೊಟ್ಟಿಯ ಜೊತೆ ಎರಡು ಮೂರು ಚಮಚ ಶೇಂಗಾ ಹಿಂಡಿ ಬಡಿಸಿಕೊಂಡರೆ ಅಷ್ಟೂ ಮರಳಿ ಬಂದಂತೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವೂ ಬಹುದೂರ ನಡೆದರೂ, ಮೈಗಾತ್ರದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ, ಅವರ ಒಟ್ಟು ಶಕ್ತಿವೆಚ್ಚ ನಗರವಾಸಿಗಳದ್ದಕ್ಕಿಂತ ಹೆಚ್ಚಿಲ್ಲವೆಂದು ಹರ್ಮನ್ ಪಾಂಟ್ಸರ್ ತಂಡ 2012ರಲ್ಲಿ ತೋರಿಸಿತು. ತೂಕದ ಮಟ್ಟಿಗೆ ತಟ್ಟೆಯೇ ಮೊದಲು.

ರಕ್ತದ ಸಕ್ಕರೆ ಮತ್ತು ಹೃದಯದ ಮಾತು ಬೇರೆ. ಊಟದ ಸಕ್ಕರೆಯನ್ನು ರಕ್ತದಿಂದ ಜೀವಕೋಶದೊಳಗೆ ಸೇರಿಸಲು ಇನ್ಸುಲಿನ್ ಎಂಬ ಹಾರ್ಮೋನು ಬೇಕು; ಈ ಇನ್ಸುಲಿನ್ನಿಗೆ ಮೈ ಸರಿಯಾಗಿ ಓಗೊಡದಿರುವುದೇ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದ ಬುಡ. ಆದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು, ಮತ್ತು ಈ ಕೆಲಸವನ್ನು ಯಾವ ಪಥ್ಯವೂ ಸ್ನಾಯುವಿನ ಪರವಾಗಿ ಮಾಡಿಕೊಡಲಾರದು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚೆಂಬುದನ್ನು ಜೆರ್ರಿ ಮಾರಿಸ್ 1953ರಲ್ಲೇ ದಾಖಲಿಸಿದ್ದರು.

ತಟ್ಟೆಯಲ್ಲಿ ಆಗಿರುವ ನಷ್ಟವೂ ಸಣ್ಣದಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೀರ್ಣವಾಗದೆ ಉಳಿಯುವ ಈ ನಾರೇ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುವುದರಿಂದ, ರೊಟ್ಟಿಯ ಜಾಗಕ್ಕೆ ಅನ್ನ, ಪಾವು, ಬಿಸ್ಕತ್ತು ಬಂದು ಕೂತ ಮನೆಯಲ್ಲಿ ಹೊಟ್ಟೆ ತುಂಬಿದರೂ ಈ ಕಾವಲು ಇರುವುದಿಲ್ಲ. ಉಪವಾಸದ ದಿನದ ಸಾಬುದಾಣಿ ಖಿಚಡಿಯೂ ಬಹುಪಾಲು ಬರಿಯ ಪಿಷ್ಟ ಮತ್ತು ಎಣ್ಣೆ ಎಂಬುದನ್ನು ಮಧುಮೇಹಿಗಳು ನೆನಪಿಡಬೇಕು.

ಮೈಪಳಗಿಸುವ ಪರಂಪರೆ ಸೊಲ್ಲಾಪುರಕ್ಕೆ ಇಲ್ಲದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮುಗಿಲೆತ್ತರದ ನಂದಿಧ್ವಜದ ಬುಡವನ್ನು ಸೊಂಟದ ಪಟ್ಟಿಗೆ ಊರಿ, ಬೆನ್ನು ನೆಟ್ಟಗಿಟ್ಟು, ವಾಲಿದತ್ತ ಹೆಜ್ಜೆ ಹಾಕಿ ತೂಕ ಹಿಡಿಯುವುದಕ್ಕೆ ಎಷ್ಟೋ ದಿನ ಮೊದಲೇ ತಾಲೀಮು ಬೇಕು. ಆದರೆ ಈ ಸಾಧನೆ ಗಂಡಸರದು. ಹೆಂಗಸರ ಪಾಲಿಗೆ ಬಂದಿರುವುದು ಬೀಡಿ. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ 2006ರಲ್ಲಿ 10,000 ಬೀಡಿ ಕಾರ್ಮಿಕರಿಗೆ ಮನೆಗಳಾದವು, ಅಲ್ಲಿಯೇ ರೇ ನಗರದಲ್ಲಿ 2024ರ ಜನವರಿಯಲ್ಲಿ ಅಸಂಘಟಿತ ಕಾರ್ಮಿಕರಿಗೆ ಇನ್ನೂ 15,000 ಮನೆಗಳು ಹಸ್ತಾಂತರವಾದವು. ತೊಡೆಯ ಮೇಲೆ ಮೊರವಿಟ್ಟುಕೊಂಡು, ಕತ್ತರಿಸಿದ ಎಲೆಗೆ ತಂಬಾಕಿನ ಪುಡಿ ತುಂಬಿ, ಸುತ್ತಿ, ತುದಿ ಮಡಚಿ, ದಾರ ಬಿಗಿಯುವವಳ ಬೆರಳುಗಳು ಬಿಡುವಿಲ್ಲದೆ ಆಡುತ್ತವೆ. ಕಾಲು, ತೊಡೆ, ಬೆನ್ನಿನ ದೊಡ್ಡ ಸ್ನಾಯುಗಳು ಮಾತ್ರ ಗಂಟೆಗಟ್ಟಲೆ ಅಲುಗುವುದಿಲ್ಲ. ದಣಿವು ದುಡಿದವಳದ್ದು, ಸಕ್ಕರೆಯ ಅಪಾಯ ಮಾತ್ರ ಕೂತವಳದ್ದು.

ಇಂಥವಳಿಗೆ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗು ಎನ್ನುವ ಸಲಹೆ ತಲುಪುವುದಿಲ್ಲ. 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ಹಗುರಾಗಿ ನಡೆದರೂ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆಂದು 2012ರಲ್ಲಿ ಆಸ್ಟ್ರೇಲಿಯಾದ ಸಣ್ಣ ಪ್ರಯೋಗವೊಂದು ತೋರಿಸಿದ್ದು, ಅದು ಇವಳ ಅಂಗಳದಲ್ಲೇ ಆಗುವ ಕೆಲಸ. ಆದರೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಸಿಗುವುದರಿಂದ ಎದ್ದಷ್ಟು ಹೊತ್ತೂ ಕೂಲಿಯಲ್ಲೇ ಕಡಿತವಾಗುತ್ತದೆ. ಸಾವಿರಕ್ಕೆ ದರ ಕಟ್ಟುವಾಗ ಈ ಬಿಡುವನ್ನೂ ದುಡಿಮೆಯ ಹೊತ್ತೆಂದೇ ಎಣಿಸಬೇಕು.